ಒಗ್ಗಿಕೊಂಡವರ ಲೋಕ: ಅನಿಮೇಷನ್ ಚಿತ್ರಗಳಲ್ಲಿ ಕೆಟ್ಟ ನಾಳೆ ಮತ್ತು ಮನುಷ್ಯ ಸ್ವಭಾವ



ಈ ಸಲದ ದತ್ತಿ ಉಪನ್ಯಾಸದಲ್ಲಿ ಅನಿಮೇಷನ್ ಚಿತ್ರಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಮರುಮಾತಿಲ್ಲದೆ ಒಪ್ಪಿದರು.   ಕಾರ್ಟೂನ್ ಎಂದರೆ ಮಕ್ಕಳಿಗೆ ತುತ್ತು ತಿನ್ನಿಸುವ ಹೊತ್ತಿಗೆ ಹಾಕಿಕೊಡುವಂಥದ್ದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಆದರೆ ಮನುಷ್ಯ ತನ್ನ ಕೈಯಾರೆ ಕೆಡಿಸಿಕೊಳ್ಳಬಹುದಾದ ನಾಳೆಯ ಬಗ್ಗೆ ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಆಳವಾಗಿ ಯೋಚಿಸಿದವರ ಸಾಲಿನಲ್ಲಿ, ಹಾಳೆಯ ಮೇಲೆ ಚಿತ್ರ ಬರೆದು ಅದನ್ನು ಕದಲಿಸಿದ ಕಲಾವಿದರೂ ಇದ್ದಾರೆ. ಫ್ರಾನ್ಸ್, ಬ್ರಿಟನ್, ಜಪಾನ್, ಅಮೆರಿಕಗಳ ಕೆಲವು ಚಿತ್ರಗಳನ್ನು ಮುಂದಿಟ್ಟುಕೊಂಡು ಇವತ್ತು ಒಂದೇ ಒಂದು ಮಾತು ಹೇಳಬೇಕೆಂದಿದ್ದೇನೆ. ವಿಮರ್ಶಕರು ಡಿಸ್ಟೋಪಿಯ ಎಂದು ಕರೆಯುವ ಈ ಕೆಟ್ಟ ಲೋಕಗಳಲ್ಲಿ ಮನುಷ್ಯನ ಕ್ರೌರ್ಯಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿರುವುದು ಅವನ ಒಗ್ಗಿಕೊಳ್ಳುವ ಗುಣ. ಎಂಥ ಗಾಳಿಗೂ, ಎಂಥ ಆಳ್ವಿಕೆಗೂ, ಎಂಥ ಸುಳ್ಳಿಗೂ ನಾವು ಬಹಳ ಬೇಗ ಒಗ್ಗಿಹೋಗುತ್ತೇವೆ. ಆಮೇಲೆ ಅದನ್ನೇ ಬದುಕು ಎನ್ನುತ್ತೇವೆ.

1973ರಲ್ಲಿ ಬಂದ ಫ್ರೆಂಚ್ ಚಿತ್ರವೊಂದರಿಂದ ಶುರುಮಾಡುತ್ತೇನೆ. ಇಂಗ್ಲಿಷಿನಲ್ಲಿ ಅದು 'ಫೆಂಟಾಸ್ಟಿಕ್ ಪ್ಲಾನೆಟ್' ಎಂದು ಹೆಸರಾಯಿತು. ಒಬ್ಬ ಹೆಂಗಸು ಎಳೆಗೂಸನ್ನು ಎದೆಗವಚಿಕೊಂಡು ಓಡುತ್ತಿದ್ದಾಳೆ. ಎಲ್ಲಿಂದಲೋ ಒಂದು ದೊಡ್ಡ ನೀಲಿ ಕೈ ಇಳಿದು ದಾರಿಗೆ ಅಡ್ಡ ನಿಲ್ಲುತ್ತದೆ. ಅವಳು ಇನ್ನೊಂದು ಕಡೆ ಹೊರಳುತ್ತಾಳೆ, ಅಲ್ಲಿಯೂ ಅದೇ ಕೈ. ಬೆರಳೊಂದು ಅವಳನ್ನು ಚಿಮ್ಮಿ ಕೆಡವುತ್ತದೆ, ಮತ್ತೆ ಎತ್ತುತ್ತದೆ, ಬಿಡುತ್ತದೆ. ಅವಳು ಸಾಯುತ್ತಾಳೆ. ಆಮೇಲೆ ಕ್ಯಾಮೆರಾ ಮೇಲೇರಿದಾಗ ತಿಳಿಯುತ್ತದೆ: ಅದು ಮಕ್ಕಳಾಟ. ಡ್ರಾಗ್ ಎಂಬ ನೀಲಿ ಮೈಯ, ಕೆಂಪು ಕಣ್ಣಿನ ದೈತ್ಯರ ಮಕ್ಕಳು ಆಡುತ್ತಿದ್ದರು. ಆ ಹೆಂಗಸು ಓಮ್ ಎಂಬ ಜಾತಿಯ ಪ್ರಾಣಿ. ಓಮ್‌ಗಳೆಂದರೆ ನಾವೇ, ಮನುಷ್ಯರು. ಡ್ರಾಗ್‌ಗಳ ಕಣ್ಣಿಗೆ ಓಮ್ ಒಂದು ಕ್ರಿಮಿ, ಇಲ್ಲವೆ ಮುದ್ದಿನ ಸಾಕುಪ್ರಾಣಿ.

ನಿರ್ದೇಶಕ ರೆನೆ ಲಾಲೂ. ಅವನು ಹಿಂದೆ ಮನೋಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡಿದ್ದವನು. ಅಲ್ಲಿನ ರೋಗಿಗಳು ಹೆಣೆದ ಕಥೆಯನ್ನೇ ತೆಗೆದುಕೊಂಡು, ಅವರ ಜೊತೆಗೂಡಿ 1960ರಲ್ಲಿ ಒಂದು ಕಿರುಚಿತ್ರ ಮಾಡಿದ್ದ. ಈ ಚಿತ್ರದ ಲೋಕವನ್ನು ಬರೆದವನು ರೋಲಾಂ ತೊಪೊರ್. ಪೋಲೆಂಡಿನಿಂದ ಬಂದ ಯಹೂದಿ ತಂದೆತಾಯಿಗಳಿಗೆ 1938ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಮಗು. ನಾತ್ಸಿಗಳು ಫ್ರಾನ್ಸನ್ನು ಹಿಡಿದಿದ್ದ ವರ್ಷಗಳಲ್ಲಿ ಆ ಮಗುವನ್ನು ಸವಾಯ್ ಪ್ರಾಂತದಲ್ಲಿ ಅಡಗಿಸಿಟ್ಟು ಉಳಿಸಿಕೊಂಡಿದ್ದರು. ಚಿತ್ರದ ಕೆಲಸ ನಡೆದದ್ದು ಪ್ರಾಗ್ ನಗರದ ತ್ರ್ನ್ಕಾ ಸ್ಟುಡಿಯೋದಲ್ಲಿ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಹೊಕ್ಕ ನಗರ ಅದು. ಮೂಲಕಥೆ ಸ್ಟೆಫಾನ್ ವ್ಯೂಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬ ದಂತವೈದ್ಯನ 1957ರ ಕಾದಂಬರಿ. ಇಷ್ಟನ್ನೂ ಹೇಳುವುದಕ್ಕೆ ಕಾರಣವಿದೆ. ಅಟ್ಟಿಸಿಕೊಂಡು ಓಡಿದವರ, ಅಡಗಿ ಕೂತವರ, ಹುಚ್ಚರೆಂದು ದೂರವಿಟ್ಟವರ ಅನುಭವ ಈ ಚಿತ್ರದ ಗೆರೆಗೆರೆಯಲ್ಲೂ ಇದೆ ಎಂದು ನನಗೆ ಅನ್ನಿಸುತ್ತದೆ. ಕಾಗದದಲ್ಲಿ ಬರೆದು ಕತ್ತರಿಸಿದ ಆಕೃತಿಗಳನ್ನು ಚೂರುಚೂರೇ ಸರಿಸಿ ಮಾಡಿದ ಚಿತ್ರ ಇದು. ಹಾಗಾಗಿ ಇಲ್ಲಿನ ಚಲನೆಯಲ್ಲಿ ಒಂದು ಬಿಗಿತ, ಕನಸಿನಲ್ಲಿ ಓಡಲಾಗದ ಕಾಲಿನ ಹಿಂಜರಿತ ಇದೆ.

ಅನಾಥವಾದ ಆ ಕೂಸನ್ನು ತೀವಾ ಎಂಬ ಡ್ರಾಗ್ ಹುಡುಗಿ ಎತ್ತಿಕೊಂಡು ಹೋಗಿ ಸಾಕುತ್ತಾಳೆ. ತೇರ್ ಎಂದು ಹೆಸರಿಡುತ್ತಾಳೆ. ಅವನಿಗೆ ಚಂದಚಂದದ ಬಟ್ಟೆ ತೊಡಿಸುತ್ತಾಳೆ, ಅಂಗೈ ಮೇಲೆ ಮಲಗಿಸಿಕೊಳ್ಳುತ್ತಾಳೆ. ತೀವಾಳಲ್ಲಿ ಎಳ್ಳಷ್ಟೂ ಕೆಡುಕಿಲ್ಲ. ಆ ಹುಡುಗಿ ತೇರ್‌ನನ್ನು ನಿಜವಾಗಿಯೂ ಪ್ರೀತಿಸುತ್ತಾಳೆ. ಪ್ರೀತಿಸುತ್ತಲೇ ಅವನ ಕೊರಳಿಗೆ ಒಂದು ಪಟ್ಟಿ ಕಟ್ಟುತ್ತಾಳೆ. ಅವಳು ಗುಂಡಿ ಒತ್ತಿದರೆ ಸಾಕು, ಆ ಪಟ್ಟಿ ಅವನನ್ನು ನೆಲದ ಮೇಲೆ ಎಳೆದುಕೊಂಡು ಅವಳ ಬಳಿಗೆ ತರುತ್ತದೆ. ಬೆಳೆದಂತೆ ಅವಳ ಗಮನ ಬೇರೆ ಕಡೆ ಹೊರಳುತ್ತದೆ, ಆಟಿಕೆಯಿಂದ ಹೊರಳುವ ಹಾಗೆಯೇ. ಈ ದೃಶ್ಯಗಳನ್ನು ನೋಡುವಾಗ ನನಗೆ ಚಿತ್ರದ ಮೊದಲ ಸಾವಿಗಿಂತ ಹೆಚ್ಚು ಸಂಕಟವಾಗುತ್ತದೆ. ದ್ವೇಷದಿಂದ ಕಟ್ಟಿದ ಸಂಕೋಲೆಯನ್ನು ಗುರುತಿಸುವುದು ಸುಲಭ. ಮುದ್ದಿನಿಂದ ಕಟ್ಟಿದ ಪಟ್ಟಿಯನ್ನು ಕಟ್ಟಿದವರೂ ಗುರುತಿಸುವುದಿಲ್ಲ, ಕಟ್ಟಿಸಿಕೊಂಡವರೂ ಬಹಳ ಕಾಲ ಗುರುತಿಸುವುದಿಲ್ಲ.

ಡ್ರಾಗ್‌ಗಳು ಅನಾಗರಿಕರಲ್ಲ ಎನ್ನುವುದನ್ನೂ ಗಮನಿಸಬೇಕು. ಅವರು ದಿನದ ಬಹುಪಾಲನ್ನು ಧ್ಯಾನದಲ್ಲಿ ಕಳೆಯುತ್ತಾರೆ. ಅವರಿಗೆ ಸಭೆಯಿದೆ, ಚರ್ಚೆಯಿದೆ, ತತ್ತ್ವಜ್ಞಾನವಿದೆ. ಆ ಸಭೆಯಲ್ಲಿ ಓಮ್‌ಗಳ ಸಂಖ್ಯೆ ಹೆಚ್ಚಾಗಿದೆ, ಏನು ಮಾಡೋಣ ಎಂದು ತಣ್ಣಗೆ ಮಾತಾಡುತ್ತಾರೆ. ಗ್ಯಾಸ್ ಬಿಟ್ಟು ಕೊಲ್ಲುವ ತೀರ್ಮಾನ ನಗರಸಭೆಯ ಮಾಮೂಲಿ ಕೆಲಸದ ಹಾಗೆ ಆಗಿಹೋಗುತ್ತದೆ. ಧ್ಯಾನಕ್ಕೂ ಆ ತೀರ್ಮಾನಕ್ಕೂ ನಡುವೆ ಅವರಿಗೆ ಯಾವ ಇಕ್ಕಟ್ಟೂ ಕಾಣುವುದಿಲ್ಲ. ಓಮ್‌ಗಳನ್ನು ಹಾಗೆ ನೋಡುವುದಕ್ಕೆ ಅವರು ತಲೆಮಾರುಗಳಿಂದ ಒಗ್ಗಿದ್ದಾರೆ, ಅಷ್ಟೆ.

ಇನ್ನು ಓಮ್‌ಗಳು ಬರೀ ಸಾಧುಗಳೇ? ಅಲ್ಲ. ತೀವಾ ಪಾಠ ಕಲಿಯುವ ಶಿರಪಟ್ಟಿಯೊಂದಿದೆ. ಅದನ್ನು ಹಾಕಿಕೊಂಡರೆ ವಿದ್ಯೆ ನೇರವಾಗಿ ಮನಸ್ಸಿಗೆ ಇಳಿಯುತ್ತದೆ. ಅವಳು ಕಲಿಯುವಾಗ ತೇರ್ ಅವಳ ಕೈಯಲ್ಲೇ ಇರುತ್ತಾನಾದ್ದರಿಂದ ಅವನಿಗೂ ಆ ವಿದ್ಯೆ ದಕ್ಕಿಬಿಡುತ್ತದೆ. ಒಂದು ದಿನ ಆ ಶಿರಪಟ್ಟಿಯನ್ನೇ ಎಳೆದುಕೊಂಡು ಓಡಿಹೋಗಿ ಕಾಡು ಓಮ್‌ಗಳ ಗುಂಪನ್ನು ಸೇರುತ್ತಾನೆ. ಅಲ್ಲಿ ಅವನಿಗೆ ಸಿಗುವ ಸ್ವಾಗತ ಸರಳವಾದದ್ದಲ್ಲ. ಆ ಗುಂಪಿಗೂ ಒಬ್ಬ ಮಾಟಗಾರನಿದ್ದಾನೆ, ಅಕ್ಷರವೆಂದರೆ ಅವನಿಗೆ ಹೆದರಿಕೆ. ಗೋಡೆಯ ಮೇಲೆ ಡ್ರಾಗ್‌ಗಳು ಬರೆದ ಸಂಹಾರದ ಸೂಚನೆಯನ್ನು ಓದಿ ಹೇಳಿದರೂ ನಂಬದವರು ಅಲ್ಲಿದ್ದಾರೆ. ಪಕ್ಕದಲ್ಲೇ ಇನ್ನೊಂದು ಓಮ್ ಗುಂಪಿದೆ, ಅವರಿಗೂ ಇವರಿಗೂ ಹಗೆ. ಬಲಹೀನರ ಲೋಕದಲ್ಲೂ ಬಲದ ಆಟ ನಡೆಯುತ್ತಲೇ ಇರುತ್ತದೆ ಎಂದು ತೋರಿಸುವ ಧೈರ್ಯ ಈ ಚಿತ್ರಕ್ಕಿದೆ. ಅದರ ನಡುವೆ ಬದಲಾವಣೆ ತಂದದ್ದು ಕದ್ದ ವಿದ್ಯೆ. ಓದಲು ಬಂದ ಮೇಲೆ ಓಮ್‌ಗಳು ತಮ್ಮನ್ನು ತಾವು ಡ್ರಾಗ್‌ಗಳ ಕಣ್ಣಿನಿಂದ ನೋಡಿಕೊಳ್ಳುವುದನ್ನು ನಿಲ್ಲಿಸುತ್ತಾರೆ.

ಈ ಚಿತ್ರ ನೋಡುವಾಗ ನಮ್ಮೊಳಗೇ ನಡೆಯುವ ಒಂದು ಸಂಗತಿಯನ್ನು ಹೇಳಬೇಕು. ಮೊದಲ ಹತ್ತು ನಿಮಿಷ ನೀಲಿ ದೈತ್ಯರು ವಿಚಿತ್ರವಾಗಿ ಕಾಣುತ್ತಾರೆ. ಅರ್ಧ ಗಂಟೆಯಾಗುವಷ್ಟರಲ್ಲಿ ಅವರೇ ಸಹಜ, ಅವರ ಕಾಲಬುಡದಲ್ಲಿ ಓಡಾಡುವ ಬೆತ್ತಲೆ ಮನುಷ್ಯರೇ ಏನೋ ಒಂದು ಹುಳ ಎನ್ನಿಸತೊಡಗುತ್ತದೆ. ಬರೆದ ಚಿತ್ರಕ್ಕೆ ಕಣ್ಣು ಒಗ್ಗುವ ವೇಗ ಅಂಥದ್ದು. ನಟರು ಅಭಿನಯಿಸಿದ ಚಿತ್ರದಲ್ಲಿ ಮುಖವಾಡ ಹಾಕಿದ ಮನುಷ್ಯನನ್ನು ನಾವು ಮನುಷ್ಯನೆಂದೇ ನೋಡುತ್ತಿರುತ್ತೇವೆ. ಅನಿಮೇಷನ್‌ನಲ್ಲಿ ಎಲ್ಲವೂ ಒಂದೇ ಶಾಯಿ, ಒಂದೇ ಬಣ್ಣ. ದೈತ್ಯನೂ ಗೆರೆ, ಮನುಷ್ಯನೂ ಗೆರೆ. ಆದ್ದರಿಂದ ಯಾರು ಮನುಷ್ಯ ಎನ್ನುವುದನ್ನು ಚಿತ್ರಕಾರ ಎಷ್ಟು ಸಲೀಸಾಗಿ ಬದಲಿಸಬಲ್ಲನೋ ನಾವೂ ಅಷ್ಟೇ ಸಲೀಸಾಗಿ ಒಪ್ಪಿಬಿಡುತ್ತೇವೆ. ಒಗ್ಗಿಕೊಳ್ಳುವುದರ ಬಗ್ಗೆ ಮಾತಾಡಲು ಈ ಮಾಧ್ಯಮಕ್ಕಿಂತ ತಕ್ಕದ್ದು ಇನ್ನೊಂದಿಲ್ಲ ಎಂದು ನಾನು ನಂಬಲು ಇದೇ ಕಾರಣ. ಅದು ಮೊದಲು ನಮ್ಮನ್ನು ಒಗ್ಗಿಸುತ್ತದೆ, ಆಮೇಲೆ ಒಗ್ಗಿದ್ದನ್ನು ನಮಗೇ ತೋರಿಸುತ್ತದೆ.

ಇಲ್ಲಿರುವ ಕಿರಿಯರಲ್ಲಿ ಹೆಚ್ಚಿನವರು ನೋಡಿರಬಹುದಾದ ಚಿತ್ರ 2008ರ 'ವಾಲ್-ಈ'. ಪಿಕ್ಸಾರ್ ಸ್ಟುಡಿಯೋದ್ದು, ನಿರ್ದೇಶನ ಆಂಡ್ರ್ಯೂ ಸ್ಟಾಂಟನ್. ಭೂಮಿ ಕಸದಿಂದ ತುಂಬಿದೆ. ಕಸವನ್ನು ಒತ್ತಿ ಚೌಕ ಮಾಡಿ ಗೋಪುರ ಕಟ್ಟುವ ಒಂದೇ ಒಂದು ಯಂತ್ರ ಉಳಿದಿದೆ. ಮನುಷ್ಯರು ಏಳುನೂರು ವರ್ಷಗಳಿಂದ ಆಕ್ಸಿಯಮ್ ಎಂಬ ಹಡಗಿನಲ್ಲಿ ಆಕಾಶದಲ್ಲಿದ್ದಾರೆ. ತೇಲುವ ಕುರ್ಚಿ, ಮೂಗಿನ ಮುಂದೆ ಪರದೆ, ಕೈಗೆ ಬರುವ ಲೋಟದಲ್ಲಿ ಊಟ. ಗುರುತ್ವ ಕಡಿಮೆಯಿರುವ ಕಡೆ ಮೂಳೆ ಸವೆಯುವುದು ಗಗನಯಾತ್ರಿಗಳ ಮೇಲೆ ನಡೆದ ಅಧ್ಯಯನಗಳಿಂದ ಗೊತ್ತಾಗಿರುವ ಸತ್ಯ. ಅದನ್ನೇ ಹಿಡಿದು ಚಿತ್ರಕಾರರು ಈ ಮನುಷ್ಯರನ್ನು ದೊಡ್ಡ ಮಕ್ಕಳ ಹಾಗೆ ಬರೆದಿದ್ದಾರೆ. ಹಡಗಿನಲ್ಲಿ ಸಾಲಾಗಿ ತೂಗುಹಾಕಿದ ಹಳೆಯ ಕ್ಯಾಪ್ಟನ್‌ಗಳ ಭಾವಚಿತ್ರಗಳಿವೆ. ಒಬ್ಬರಿಂದ ಒಬ್ಬರಿಗೆ ಮೈ ಕೊಬ್ಬುತ್ತಾ ಬಂದದ್ದು ಅಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಯಾವ ಒಬ್ಬ ಕ್ಯಾಪ್ಟನ್ನನಿಗೂ ಅದು ಕಂಡಿರಲಿಕ್ಕಿಲ್ಲ.

ಈ ಚಿತ್ರದಲ್ಲಿ ನನ್ನನ್ನು ಬಹಳ ಹಿಡಿದ ಅಂಶ ಒಂದಿದೆ, ಅದರ ಬಗ್ಗೆ ಹೆಚ್ಚು ಜನ ಮಾತಾಡಿದ್ದನ್ನು ನಾನು ಕಂಡಿಲ್ಲ. ಹಳೆಯ ಕಾಲದ ಮನುಷ್ಯರು ಇಲ್ಲಿ ಬರೆದ ಚಿತ್ರಗಳಲ್ಲ, ನಿಜವಾದ ನಟರು. ಭೂಮಿಯನ್ನೇ ಕೊಂಡುಬಿಟ್ಟಿದ್ದ ಕಂಪನಿಯ ಮುಖ್ಯಸ್ಥನಾಗಿ ಫ್ರೆಡ್ ವಿಲರ್ಡ್ ಎಂಬ ನಟ ರಕ್ತಮಾಂಸದ ಮೈಯಲ್ಲೇ ತೆರೆಯ ಮೇಲೆ ಬರುತ್ತಾನೆ. ಯಂತ್ರ ದಿನವೂ ನೋಡುವ ಹಳೆಯ ವಿಡಿಯೋ 1969ರ 'ಹಲೋ, ಡಾಲಿ!' ಎಂಬ ನಿಜವಾದ ಸಂಗೀತ ಚಿತ್ರ. ಆ ಹಳೆಯ ಮನುಷ್ಯರ ವಂಶದವರು ಮಾತ್ರ ಕಂಪ್ಯೂಟರಿನಲ್ಲಿ ಬರೆದ ಬೊಂಬೆಗಳು. ಮನುಷ್ಯ ಏಳುನೂರು ವರ್ಷಗಳಲ್ಲಿ ಫೋಟೋದಿಂದ ಕಾರ್ಟೂನಿಗೆ ಇಳಿದಿದ್ದಾನೆ! ಒಂದು ಮಾತೂ ಆಡದೆ, ಮಾಧ್ಯಮವನ್ನೇ ಬಳಸಿಕೊಂಡು ಇಷ್ಟು ದೊಡ್ಡ ವಿಷಯವನ್ನು ಹೇಳಿದ ಚಿತ್ರಗಳು ಬಹಳ ಇಲ್ಲ.

ಹಡಗಿನಲ್ಲಿ ಖಳನೊಬ್ಬನಿದ್ದಾನೆ, ಚುಕ್ಕಾಣಿ ಯಂತ್ರ. ಅದೂ ಕೆಟ್ಟದ್ದಲ್ಲ, ಹಿಂದೆ ಕೊಟ್ಟ ಆಜ್ಞೆಯನ್ನು ಪಾಲಿಸುತ್ತಿದೆ. ಪ್ರಯಾಣಿಕರೂ ಕೆಟ್ಟವರಲ್ಲ. ಮೇರಿ ಎಂಬ ಹೆಂಗಸಿನ ಪರದೆ ಅಕಸ್ಮಾತ್ ಆರಿಹೋದಾಗ ಅವಳು ಮೊದಲ ಬಾರಿಗೆ ಸುತ್ತ ನೋಡುತ್ತಾಳೆ. ಹಡಗಿನಲ್ಲಿ ಒಂದು ಈಜುಕೊಳ ಇರುವುದು ಅವಳಿಗೆ ಆಗಲೇ ಗೊತ್ತಾಗುವುದು. ಕ್ಯಾಪ್ಟನ್ ಒಂದು ರಾತ್ರಿ ಮಣ್ಣು ಎಂದರೇನು, ಬೇಸಾಯ ಎಂದರೇನು, ಕುಣಿತ ಎಂದರೇನು ಎಂದು ಕಂಪ್ಯೂಟರನ್ನು ಒಂದಾದ ಮೇಲೊಂದು ಕೇಳುತ್ತಾ ಹೋಗುತ್ತಾನೆ. ಇಡೀ ಚಿತ್ರದ ತಿರುವು ಇರುವುದು ಆ ರಾತ್ರಿಯಲ್ಲಿ. ಅಲ್ಲಿ ಹೋರಾಟವಿಲ್ಲ, ಭಾಷಣವಿಲ್ಲ. ಒಗ್ಗಿಹೋದವನೊಬ್ಬ ಪ್ರಶ್ನೆ ಕೇಳತೊಡಗಿದ್ದಾನೆ.

ಈ ಚಿತ್ರದ ಮೇಲೆ ನನಗೊಂದು ತಕರಾರಿದೆ, ಅದನ್ನೂ ಹೇಳಿಬಿಡುತ್ತೇನೆ. ಅತಿಯಾದ ಕೊಳ್ಳುಬಾಕತನದ ವಿರುದ್ಧ ನಿಂತ ಈ ಚಿತ್ರದ ಆಟಿಕೆಗಳು ಅಂಗಡಿಯಲ್ಲಿ ರಾಶಿ ಬಿದ್ದವು. ಭೂಮಿಗೆ ಮರಳಿದವರ ಕಷ್ಟವನ್ನು ಕೊನೆಯ ಹೆಸರುಗಳ ಪಟ್ಟಿಯ ಹಿಂದೆ ಚಂದದ ಚಿತ್ರಗಳಲ್ಲಿ ಮುಗಿಸಿಬಿಡುತ್ತಾರೆ. ನಡೆಯಲು ಬಾರದ ಜನ ಕಸದ ಗ್ರಹದಲ್ಲಿ ಮೊದಲ ಚಳಿಗಾಲವನ್ನು ಹೇಗೆ ಕಳೆದರು ಎಂದು ಕೇಳುವ ಧೈರ್ಯ ಚಿತ್ರಕ್ಕಿಲ್ಲ. ಆ ಧೈರ್ಯ ಇದ್ದದ್ದು, ನಾನು ಈಗ ಹೇಳಲಿರುವ ಬ್ರಿಟಿಷ್ ಚಿತ್ರಕ್ಕೆ.

ಅದರ ಹೆಸರು 'ವೆನ್ ದಿ ವಿಂಡ್ ಬ್ಲೋಸ್', 1986. ರೇಮಂಡ್ ಬ್ರಿಗ್ಸ್ ಅವರು 1982ರಲ್ಲಿ ಪ್ರಕಟಿಸಿದ ಚಿತ್ರಕಾದಂಬರಿಯನ್ನು ಆಧರಿಸಿದ್ದು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ಪುಟ್ಟ ಮನೆ. ನಿವೃತ್ತರಾದ ಗಂಡ ಹೆಂಡತಿ, ಜಿಮ್ ಮತ್ತು ಹಿಲ್ಡಾ ಬ್ಲಾಗ್ಸ್. ಯುದ್ಧ ಬರುತ್ತದೆ ಎಂಬ ಸುದ್ದಿ. ಜಿಮ್ ಊರಿನ ಗ್ರಂಥಾಲಯದಿಂದ ಸರ್ಕಾರದ ಕೈಪಿಡಿಗಳನ್ನು ತರುತ್ತಾನೆ. ಅಂಥ ಕೈಪಿಡಿ ನಿಜವಾಗಿಯೂ ಇತ್ತು. ಅಣುಬಾಂಬ್ ಬಿದ್ದರೆ ಮನೆಯೊಳಗೆ ಹೇಗೆ ಉಳಿದುಕೊಳ್ಳಬೇಕು ಎಂದು ತಿಳಿಸುವ 'ಪ್ರೊಟೆಕ್ಟ್ ಆಂಡ್ ಸರ್ವೈವ್' ಎಂಬ ಪುಸ್ತಿಕೆಯನ್ನು ಬ್ರಿಟಿಷ್ ಸರ್ಕಾರ 1980ರಲ್ಲಿ ಹೊರತಂದಿತ್ತು. ಮನೆಯ ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿ ಆಸರೆ ಮಾಡಿಕೊಳ್ಳಿ ಎಂದು ಅದು ಹೇಳುತ್ತಿತ್ತು. ಜಿಮ್ ಅದನ್ನು ಅಕ್ಷರಶಃ ಪಾಲಿಸುತ್ತಾನೆ. ಬಾಗಿಲುಗಳನ್ನು ಎಷ್ಟು ಡಿಗ್ರಿ ಕೋನದಲ್ಲಿ ನಿಲ್ಲಿಸಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಹಿಲ್ಡಾಗೆ ಬಾಗಿಲ ಬಣ್ಣ ಎದ್ದುಹೋಗುವ ಚಿಂತೆ. ಕ್ಷಿಪಣಿ ಬರಲು ಮೂರೇ ನಿಮಿಷ ಎಂದು ರೇಡಿಯೋ ಹೇಳಿದಾಗ ಅವಳಿಗೆ ಒಣಗಿಹಾಕಿದ ಬಟ್ಟೆಯ ಯೋಚನೆ, ಒಲೆಯಲ್ಲಿಟ್ಟ ಕೇಕಿನ ಯೋಚನೆ.

ಬಾಂಬ್ ಬೀಳುತ್ತದೆ. ಅವರು ಉಳಿಯುತ್ತಾರೆ, ಕೆಲವು ದಿನಗಳ ಮಟ್ಟಿಗೆ. ನಲ್ಲಿಯಲ್ಲಿ ನೀರಿಲ್ಲ, ಕರೆಂಟಿಲ್ಲ, ಹಾಲಿನವನು ಬರಲಿಲ್ಲ. ಎಲ್ಲದಕ್ಕೂ ಜಿಮ್ ಬಳಿ ಒಂದು ಸಮಾಧಾನವಿದೆ: ಸರ್ಕಾರದವರು ನೋಡಿಕೊಳ್ಳುತ್ತಾರೆ. ಎರಡನೇ ಮಹಾಯುದ್ಧದ ಬಾಂಬುಗಳ ನಡುವೆ ಬಾಲ್ಯ ಕಳೆದವರು ಇಬ್ಬರೂ. ಆಗ ಉಳಿದೆವಲ್ಲ, ಈಗಲೂ ಉಳಿಯುತ್ತೇವೆ. ಹೊರಗೆ ಹೋಗಿ ಬಿಸಿಲಿಗೆ ಕೂರುತ್ತಾರೆ. ಗಾಳಿಯಲ್ಲಿ ಮಾಂಸ ಬೆಂದ ವಾಸನೆ ಬಂದಾಗ, ಯಾರದೋ ಮನೆಯಲ್ಲಿ ಒಳ್ಳೆಯ ಅಡುಗೆ ಎಂದುಕೊಳ್ಳುತ್ತಾರೆ. ಮಳೆನೀರು ಹಿಡಿದು ಚಹಾ ಮಾಡುತ್ತಾರೆ. ಹಿಲ್ಡಾಳ ಒಸಡಿನಲ್ಲಿ ರಕ್ತ, ಕಾಲಮೇಲೆ ಕಲೆ, ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಪ್ರತಿಯೊಂದಕ್ಕೂ ವಯಸ್ಸಿನ ಕಾರಣ, ಹಲ್ಲುಸೆಟ್ಟಿನ ಕಾರಣ. ಕೊನೆಗೆ ಕೈಪಿಡಿಯ ಮಾತಿನಂತೆ ಇಬ್ಬರೂ ದೊಡ್ಡ ಕಾಗದದ ಚೀಲಗಳೊಳಗೆ ತೂರಿಕೊಂಡು ಮಲಗುತ್ತಾರೆ. ಜಿಮ್ ಪ್ರಾರ್ಥನೆ ಹೇಳಲು ನೋಡುತ್ತಾನೆ, ಸರಿಯಾಗಿ ನೆನಪಾಗುವುದಿಲ್ಲ.

ಈ ಚಿತ್ರದಲ್ಲಿ ಒಬ್ಬನೇ ಒಬ್ಬ ದುಷ್ಟನೂ ತೆರೆಯ ಮೇಲೆ ಬರುವುದಿಲ್ಲ. ಇಬ್ಬರು ಒಳ್ಳೆಯ, ಒಬ್ಬರನ್ನೊಬ್ಬರು ತುಂಬ ಹಚ್ಚಿಕೊಂಡ ಮುದುಕರು ಮಾತ್ರ. ಅವರ ಒಳ್ಳೆಯತನವೇ ಅವರನ್ನು ಕೊಲ್ಲುತ್ತದೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೊಂದದ್ದು ಬಾಂಬು, ಬಾಂಬು ಮಾಡಿದವರು. ಆದರೆ ಅಂಥ ಬಾಂಬುಗಳ ನೆರಳಿನಲ್ಲಿ ನಾಲ್ಕು ದಶಕ ಕೋಟ್ಯಂತರ ಜನ ಕೆಲಸಕ್ಕೆ ಹೋಗಿ, ಕೇಕು ಬೇಯಿಸಿ, ಬಟ್ಟೆ ಒಣಗಿಸಿಕೊಂಡು ಬದುಕಿದ್ದು ಈ ನಂಬಿಕೆಯ ಬಲದ ಮೇಲೆಯೇ. ಮೇಲಿನವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಜಿಮ್ ಕೈಪಿಡಿಯ ಒಂದೊಂದು ಸೂಚನೆಯನ್ನೂ ಪಾಲಿಸುತ್ತಾನೆ. ಬಾಗಿಲಿನಿಂದ ಅಣುಬಾಂಬನ್ನು ತಡೆಯಬಹುದೇ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ನಿರ್ದೇಶಕ ಜಿಮ್ಮಿ ಮುರಕಾಮಿಯ ಹಿನ್ನೆಲೆ ಇಲ್ಲಿ ಮುಖ್ಯ. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಜಪಾನೀ ಮೂಲದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನದೇ ಪ್ರಜೆಗಳಾದ ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ, ಬಾಲಕ ಮುರಕಾಮಿಯೂ ಮನೆಯವರೊಂದಿಗೆ ಟೂಲ್ ಲೇಕ್ ಶಿಬಿರದಲ್ಲಿದ್ದರು. ಸರ್ಕಾರದ ಕಾಗದ ಏನು ಮಾಡಬಲ್ಲದು ಎಂದು ಎಳವೆಯಲ್ಲೇ ಕಂಡವರು. ಅಂಥವರು ಈ ಇಂಗ್ಲಿಷ್ ದಂಪತಿಯನ್ನು ಎಲ್ಲೂ ಹಂಗಿಸದೆ, ಇಷ್ಟು ಅಕ್ಕರೆಯಿಂದ ಕಂಡಿದ್ದಾರೆ. ಚಿತ್ರದ ತಂತ್ರವೂ ಅಷ್ಟೇ ಅರ್ಥಪೂರ್ಣ. ಜಿಮ್ ಮತ್ತು ಹಿಲ್ಡಾ ಕೈಯಿಂದ ಬರೆದ ಚಿತ್ರಗಳು. ಅವರ ಮನೆ ಮಾತ್ರ ನಿಜವಾಗಿ ಕಟ್ಟಿದ ಚಿಕ್ಕ ಮಾದರಿ, ಅದರೊಳಗಿನ ಕುರ್ಚಿ ಕಪಾಟುಗಳೂ ನಿಜವಾದ ಪುಟ್ಟ ವಸ್ತುಗಳು. ಹಾಗಾಗಿ ಸ್ಫೋಟದ ನಂತರ ಒಡೆದ ಗಾಜು, ಮುರಿದ ಕಪಾಟು, ಕವಿದ ಬೂದಿ ಎಲ್ಲವೂ ಕಣ್ಣಿಗೆ ಒರಟಾಗಿ ನಿಜವಾಗಿ ತಾಗುತ್ತವೆ. ಅದರ ನಡುವೆ ತೆಳು ಬಣ್ಣದ ಆ ಇಬ್ಬರು ಓಡಾಡುವಾಗ, ಮನೆಗಿಂತ ಮೊದಲು ಇವರೇ ಅಳಿಸಿಹೋಗುತ್ತಾರೆ ಎಂದು ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಒಗ್ಗಿಕೊಳ್ಳುವುದನ್ನು ಬರೀ ದೋಷವೆಂದು ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಆ ಗುಣವಿಲ್ಲದಿದ್ದರೆ ಬರದಲ್ಲಿ, ವಲಸೆಯಲ್ಲಿ, ನಿರಾಶ್ರಿತರ ಶಿಬಿರದಲ್ಲಿ ಯಾವ ತಾಯಿಯೂ ಮಕ್ಕಳನ್ನು ಉಳಿಸಿಕೊಳ್ಳಲಾರಳು. ಈ ಎರಡು ಮುಖಗಳನ್ನೂ ಒಟ್ಟಿಗೆ ಹಿಡಿದವರು ಜಪಾನಿನ ಹಯಾವೊ ಮಿಯಾಝಾಕಿ. 1984ರಲ್ಲಿ ಬಂದ ಅವರ 'ನೌಸಿಕಾ' ಚಿತ್ರದಲ್ಲಿ, ಜಗತ್ತನ್ನು ಸುಟ್ಟ ಏಳು ದಿನಗಳ ಯುದ್ಧವಾಗಿ ಸಾವಿರ ವರ್ಷ ಕಳೆದಿದೆ. ವಿಷಗಾಳಿ ಉಗುಳುವ ಕಾಡು ಹಬ್ಬುತ್ತಿದೆ. ಸಮುದ್ರದ ಗಾಳಿ ಕಾಯುವ ಒಂದು ಕಣಿವೆಯಲ್ಲಿ ಜನ ಬೇಸಾಯ ಮಾಡಿಕೊಂಡು ಹೇಗೋ ಬದುಕಿದ್ದಾರೆ. ಕಾಡನ್ನು ಸುಟ್ಟುಬಿಡಬೇಕು ಎನ್ನುವುದು ದೊಡ್ಡ ರಾಜ್ಯಗಳ ವಾದ. ಕಣಿವೆಯ ರಾಜಕುಮಾರಿ ನೌಸಿಕಾ ಮಾತ್ರ ಕಾಡಿನ ಗಿಡಗಳನ್ನು ತಂದು, ಕೋಟೆಯ ನೆಲಮಾಳಿಗೆಯಲ್ಲಿ ಆಳದಿಂದ ತೆಗೆದ ಶುದ್ಧ ನೀರು, ಶುದ್ಧ ಮಣ್ಣಿನಲ್ಲಿ ಬೆಳೆಸಿ ನೋಡುತ್ತಾಳೆ. ಅಲ್ಲಿ ಅವು ವಿಷ ಬಿಡುವುದಿಲ್ಲ. ವಿಷ ಗಿಡದ್ದಲ್ಲ, ಮನುಷ್ಯ ಕೆಡಿಸಿದ ನೆಲದ್ದು. ಕಾಡು ಅದನ್ನು ಹೀರಿ ಶುದ್ಧಮಾಡುತ್ತಿದೆ.

ಈ ಕಲ್ಪನೆಯ ಹಿಂದೆ ಮಿನಮಾಟ ಕೊಲ್ಲಿಯ ನೆನಪಿದೆ ಎಂದು ಮಿಯಾಝಾಕಿಯೇ ಹೇಳಿಕೊಂಡಿದ್ದಾರೆ. ಚಿಸ್ಸೊ ಕಂಪನಿ ಆ ಕೊಲ್ಲಿಗೆ ಪಾದರಸ ಬೆರೆತ ನೀರನ್ನು ಬಿಟ್ಟಿತು. ಮೀನು ತಿಂದ ಬೆಕ್ಕುಗಳಿಗೆ ಹುಚ್ಚು ಹಿಡಿಯಿತು, ಮನುಷ್ಯರ ನರಗಳು ಸತ್ತವು. ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ, ವಿಷ ಹರಿಯುವುದು ನಿಂತದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷಗಳನ್ನು ಒಂದು ಕ್ಷಣ ಯೋಚಿಸಿ. ಗೊತ್ತಿದ್ದೂ ಹನ್ನೆರಡು ವರ್ಷ. ಅಲ್ಲಿ ಮೀನುಗಾರಿಕೆ ನಿಂತ ಮೇಲೆ ಆ ಕೊಲ್ಲಿಯಲ್ಲಿ ಮೀನುಗಳು ಮತ್ತೆ ತುಂಬಿದವು ಎಂಬ ಸುದ್ದಿ ಮಿಯಾಝಾಕಿಯನ್ನು ಹಿಡಿದು ನಿಲ್ಲಿಸಿತು.

ಚಿತ್ರ ಮುಗಿದ ಮೇಲೂ ಅವರು ಅದೇ ಕಥೆಯನ್ನು ಮಂಗಾ, ಅಂದರೆ ಜಪಾನೀ ಚಿತ್ರಕಥೆಯ ರೂಪದಲ್ಲಿ 1994ರವರೆಗೆ ಬರೆಯುತ್ತಾ ಹೋದರು. ಅಲ್ಲಿ ಕಥೆ ಇನ್ನೂ ಕಠಿಣವಾದ ಜಾಗಕ್ಕೆ ತಲುಪುತ್ತದೆ. ಈಗಿರುವ ಮನುಷ್ಯರ ಮೈಯನ್ನೇ ಹಿಂದಿನವರು ವಿಷಕ್ಕೆ ತಕ್ಕಂತೆ ಮಾರ್ಪಡಿಸಿದ್ದರು ಎಂದು ನೌಸಿಕಾಳಿಗೆ ತಿಳಿಯುತ್ತದೆ. ಗಾಳಿ ಪೂರ್ತಿ ಶುದ್ಧವಾದ ದಿನ ಇವರು ಉಳಿಯಲಾರರು. ವಿಷಕ್ಕೆ ಒಗ್ಗಿದ ಶ್ವಾಸಕೋಶ ಶುದ್ಧಗಾಳಿಯನ್ನು ತಾಳಲಾರದು. ಮನುಷ್ಯ ಸ್ವಭಾವದ ಬಗ್ಗೆ ಇದಕ್ಕಿಂತ ಭಯಂಕರವಾದ ಊಹೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೂ ನೌಸಿಕಾ ಆ ಸತ್ಯವನ್ನು ಎದೆಯಲ್ಲಿಟ್ಟುಕೊಂಡು ಬದುಕನ್ನೇ ಆರಿಸಿಕೊಳ್ಳುತ್ತಾಳೆ. ಚಿತ್ರವನ್ನು ಮಾತ್ರ ನೋಡಿದವರು ಮಂಗಾವನ್ನೂ ಓದಬೇಕು ಎಂದು ಒತ್ತಾಯಿಸುತ್ತೇನೆ.

'ಅಕೀರಾ'ದ ಬಗ್ಗೆ ಹೇಳದೆ ಇರಲಾಗದು, ಆದರೆ ಬೇರೆ ಕಾರಣಕ್ಕೆ. ಕಾಟ್ಸುಹಿರೊ ಒಟೊಮೊ ಅವರ ಈ ಚಿತ್ರ ಜಪಾನಿನಲ್ಲಿ ಬಿಡುಗಡೆಯಾದದ್ದು 1988ರ ಜುಲೈ 16ರಂದು. ಕಥೆಯಲ್ಲಿ ಟೋಕಿಯೋ ನಾಶವಾಗುವ ದಿನವೂ ಅದೇ. ಆಮೇಲೆ ಕಥೆ ನಡೆಯುವುದು 2019ರ ಹೊಸ ಟೋಕಿಯೋದಲ್ಲಿ, 2020ರ ಒಲಿಂಪಿಕ್ಸ್‌ಗೆ ಕ್ರೀಡಾಂಗಣ ಏಳುತ್ತಿರುವಾಗ. ನಿಜವಾದ ಟೋಕಿಯೋಗೆ 2020ರ ಒಲಿಂಪಿಕ್ಸ್ ಸಿಕ್ಕಿ, ಅದು ಮುಂದಕ್ಕೆ ಹೋದಾಗ ಜಗತ್ತಿನ ತುಂಬ ಜನ ಈ ಚಿತ್ರವನ್ನು ಭವಿಷ್ಯವಾಣಿ ಎಂದರು. ಅದು ನನಗೆ ಹಿಡಿಸದ ಮಾತು. ಒಟೊಮೊ ಹತ್ತು ವರ್ಷದ ಹುಡುಗನಾಗಿದ್ದಾಗ, 1964ರಲ್ಲಿ, ಯುದ್ಧದ ಬೂದಿಯಿಂದೆದ್ದ ಟೋಕಿಯೋ ಒಲಿಂಪಿಕ್ಸ್ ನಡೆಸಿತ್ತು. ಅವರು ಬರೆದದ್ದು ತಾವು ಕಂಡ ನಿನ್ನೆಯನ್ನು. ಈ ಬಗೆಯ ಚಿತ್ರಗಳನ್ನು ಪಂಚಾಂಗದ ಹಾಗೆ ಓದಿದರೆ ಅವುಗಳ ನಿಜವಾದ ಕಸುವು ಕೈತಪ್ಪುತ್ತದೆ.

ಅಕೀರಾದ ತೆತ್ಸುವೊ ಒಗ್ಗಲಾರದ ಹುಡುಗ. ಅನಾಥ, ಗೆಳೆಯ ಕನೆದಾನ ನೆರಳಿನಲ್ಲಿ ಬೆಳೆದವನು, ಪ್ರತಿ ಸಲ ಬೇರೆಯವರಿಂದ ಕಾಪಾಡಿಸಿಕೊಳ್ಳುವುದೇ ಅವಮಾನ ಎಂದು ಒಳಗೊಳಗೆ ಕುದಿ ಹಿಡಿದವನು. ಸೇನೆಯ ಪ್ರಯೋಗದಿಂದ ಅವನಿಗೆ ಅಳತೆ ಮೀರಿದ ಶಕ್ತಿ ಬಂದಾಗ ಊರನ್ನೇ ಕೆಡವುತ್ತಾನೆ. ಕೊನೆಗೆ ಅವನ ಮೈಯೇ ಅವನ ಮಾತು ಕೇಳದೆ ಉಬ್ಬಿ ಹರಡುತ್ತದೆ. ಸುತ್ತ ಎಲ್ಲರೂ ಸರಿ ಎಂದು ತಲೆಯಾಡಿಸುವ ಸಮಾಜದಲ್ಲಿ ಪ್ರಶ್ನೆ ಕೇಳಲು ದಾರಿಯೇ ಇಲ್ಲದ ಹುಡುಗರ ಸಿಟ್ಟು ಹೇಗೆ ಸ್ಫೋಟವಾಗುತ್ತದೆ ಎಂದು ಒಟೊಮೊ ತೋರಿಸಿದ್ದಾರೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಸೆಲ್ ಎಂಬ ಪಾರದರ್ಶಕ ಹಾಳೆಗಳನ್ನು ಬರೆದು ಮಾಡಿದ ಚಿತ್ರ. ರಾತ್ರಿಯ ರಸ್ತೆಯಲ್ಲಿ ಬೈಕಿನ ಹಿಂಬದಿ ದೀಪ ಎಳೆದ ಕೆಂಪು ಗೆರೆ ಇವತ್ತಿಗೂ ಹೊಸದಾಗಿದೆ.

ಮಾಮೊರು ಓಶಿ ಅವರ 1995ರ 'ಘೋಸ್ಟ್ ಇನ್ ದಿ ಶೆಲ್' ಬಗ್ಗೆ ಒಂದು ಗಂಟೆ ಬೇರೆಯೇ ಬೇಕು. ಎಂಥ ಸುಳ್ಳಿಗೂ ಒಗ್ಗಿಹೋಗುತ್ತೇವೆ ಎಂದೆನಲ್ಲ, ಅದನ್ನು ತೋರಿಸಲು ಅದರಿಂದ ಒಂದು ದೃಶ್ಯ ಸಾಕು. ಒಬ್ಬ ಕಸದ ಲಾರಿಯ ಕೆಲಸಗಾರ ತನ್ನ ಹೆಂಡತಿ, ಮಗಳ ಬಗ್ಗೆ ಹೇಳಿಕೊಳ್ಳುತ್ತಿರುತ್ತಾನೆ. ಪೊಲೀಸರು ಅವನಿಗೆ ತಿಳಿಸುತ್ತಾರೆ: ನಿನಗೆ ಮದುವೆಯೇ ಆಗಿಲ್ಲ, ಮಗಳೂ ಇಲ್ಲ, ಯಾರೋ ಆ ನೆನಪನ್ನು ನಿನ್ನ ಮಿದುಳಿಗೆ ತುಂಬಿದ್ದಾರೆ. ಅವನು ತೋರಿಸುತ್ತಿದ್ದ ಫೋಟೋದಲ್ಲಿ ಮಗಳೇ ಇಲ್ಲ. ಇದನ್ನು ಅಳಿಸಬಹುದೇ ಎಂದರೆ, ಅದಕ್ಕೂ ಖಾತ್ರಿಯಿಲ್ಲ. ಅವನು ಅಳುತ್ತಾನೆ. ಯಾವ ಮಗಳೂ ಇರಲಿಲ್ಲ, ದುಃಖ ಮಾತ್ರ ನಿಜ.

ಮನುಷ್ಯ ಸ್ವಭಾವವೇ ಕೆಟ್ಟದ್ದು ಎಂದು ಹೇಳುವ ಕಲೆಯ ಬಗ್ಗೆ ಎಚ್ಚರದಿಂದಿರಬೇಕು ಎನ್ನುವುದಕ್ಕೂ ಅನಿಮೇಷನ್ ಇತಿಹಾಸದಲ್ಲಿ ಒಂದು ಪಾಠವಿದೆ. ಜಾನ್ ಹಲಾಸ್ ಮತ್ತು ಜಾಯ್ ಬ್ಯಾಚೆಲರ್ ದಂಪತಿ 1954ರಲ್ಲಿ 'ಅನಿಮಲ್ ಫಾರ್ಮ್' ಚಿತ್ರ ಮಾಡಿದರು. ಅದು ವಿಜ್ಞಾನದ ಕಥೆಯಲ್ಲ, ಆದರೂ ಈ ಮಾತಿಗೆ ಬೇಕು. ಆ ಚಿತ್ರಕ್ಕೆ ಹಿಂದಿನಿಂದ ಹಣ ಕೊಟ್ಟದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಎಂಬುದು ಬಹಳ ವರ್ಷಗಳ ನಂತರ ಬಯಲಾಯಿತು. ಹಂದಿಗಳೂ ಮನುಷ್ಯರೂ ಒಂದೇ ಥರ ಕಾಣುವ, ಮೂಲ ಕಥೆ ಬರೆದ ಜಾರ್ಜ್ ಆರ್ವೆಲ್‌ನ ಮುಕ್ತಾಯವನ್ನು ಕೈಬಿಟ್ಟು, ಪ್ರಾಣಿಗಳು ಹಂದಿಗಳ ಮೇಲೆ ತಿರುಗಿಬೀಳುವ ಮುಕ್ತಾಯ ಹಾಕಲಾಯಿತು. ಒಂದು ಪಕ್ಷದ ಕೇಡನ್ನು ಉಳಿಸಿಕೊಂಡು ಇನ್ನೊಂದು ಪಕ್ಷದ ಕೇಡನ್ನು ಅಳಿಸಲಾಯಿತು. ಕೆಟ್ಟ ಲೋಕದ ಚಿತ್ರವೂ ಆಳುವವರಿಗೆ ಉಪಯೋಗಕ್ಕೆ ಬರುತ್ತದೆ. ಒಂದು ಚಿತ್ರ ಯಾರ ಕೇಡನ್ನು ತೋರಿಸುತ್ತಿಲ್ಲ ಎಂದು ನೋಡುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕು.

ಇಲ್ಲಿ ಬೆಂಗಳೂರಿನ ಅನಿಮೇಷನ್ ಸ್ಟುಡಿಯೋಗಳಲ್ಲಿ ದುಡಿಯುವ ಯುವಕ ಯುವತಿಯರನ್ನು ನೆನೆಯದೆ ಹೋದರೆ ತಪ್ಪಾಗುತ್ತದೆ. ಹೊರದೇಶದ ಎಷ್ಟೋ ಚಿತ್ರಗಳ ಚೂರುಪಾರು ದೃಶ್ಯಗಳು ಅವರ ಕೈಯಲ್ಲಿ ತಯಾರಾಗುತ್ತವೆ. ಒಂದು ಕೈ ಲೋಟ ಎತ್ತುವುದನ್ನು ಸರಿಯಾಗಿ ತೋರಿಸಬೇಕಾದರೆ, ನಾವೆಲ್ಲ ನೋಡಿಯೂ ನೋಡದ ಆ ಕ್ರಿಯೆಯನ್ನು ಅವರು ಮತ್ತೆ ಮತ್ತೆ ನೋಡಬೇಕು. ಭಾರ ಮೊದಲು ಮಣಿಕಟ್ಟಿಗೆ ಬರುತ್ತದೋ ಬೆರಳಿಗೋ, ಹೆಗಲು ಎಷ್ಟು ಬಾಗುತ್ತದೆ, ಕಣ್ಣು ಮೊದಲೇ ಅತ್ತ ಹೊರಳುತ್ತದೋ. ಒಗ್ಗಿಹೋದ ಕಣ್ಣಿಗೆ ಈ ಕಸುಬು ಒಲಿಯುವುದಿಲ್ಲ. ಈ ಕೆಟ್ಟ ಲೋಕಗಳನ್ನು ಬರೆದವರೆಲ್ಲ ದಿನವಿಡೀ ಮನುಷ್ಯರನ್ನು ಅಷ್ಟು ಹತ್ತಿರದಿಂದ ನೋಡಿದವರು. ಅವರ ನಿರಾಸೆಯಲ್ಲೂ ದ್ವೇಷವಿಲ್ಲದಿರುವುದಕ್ಕೆ ಬಹುಶಃ ಇದೇ ಕಾರಣ. ನಮ್ಮ ಈ ಮಕ್ಕಳಿಗೆ ತಮ್ಮದೇ ಕಥೆ ಬರೆಯುವ ಅವಕಾಶ ಇನ್ನೂ ಸಾಕಷ್ಟು ಸಿಕ್ಕಿಲ್ಲ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗಳನ್ನು ಬರೆದಿಟ್ಟಿದ್ದಾರೆ. ಕಥೆಯೂ ಇದೆ, ಕೈಯೂ ಇದೆ, ಇವೆರಡನ್ನು ಕೂಡಿಸುವ ಹಣ ಮತ್ತು ತಾಳ್ಮೆ ಬೇಕಾಗಿದೆ.

ಅದು ಆಗುವ ತನಕ ಕೈಗೆಟಕುವ ಒಂದು ಕೆಲಸವನ್ನು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಜಿಮ್ ಮತ್ತು ಹಿಲ್ಡಾರ ಚಿತ್ರವನ್ನು ಕನ್ನಡಕ್ಕೆ ಡಬ್ ಮಾಡೋಣ. ಒಂದೂವರೆ ಗಂಟೆಯೊಳಗೆ ಮುಗಿಯುವ ಚಿತ್ರ. ಉದ್ದಕ್ಕೂ ಬೇಕಾಗಿರುವುದು ಎರಡೇ ದನಿ, ಜೊತೆಗೆ ರೇಡಿಯೋದವನದ್ದು ಒಂದಿಷ್ಟು. ಮೂಲದಲ್ಲಿ ಜಾನ್ ಮಿಲ್ಸ್ ಮತ್ತು ಪೆಗಿ ಆಶ್‌ಕ್ರಾಫ್ಟ್ ಎಂಬ ಹಿರಿಯ ರಂಗನಟರು ಮಾತಾಡಿದ್ದಾರೆ. ನಮ್ಮ ಹವ್ಯಾಸಿ ರಂಗಭೂಮಿಯಲ್ಲಿ ನಲವತ್ತು ವರ್ಷ ಒಟ್ಟಿಗೆ ಬಾಳಿದ, ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಬಲ್ಲ ಜೋಡಿಗಳಿಗೆ ಕೊರತೆಯಿಲ್ಲ. ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಕೇಳುವ ಕೆಲಸವನ್ನೂ ಸಂಭಾಷಣೆಯ ಮೊದಲ ಕರಡನ್ನೂ ನಾನು ವಹಿಸಿಕೊಳ್ಳುತ್ತೇನೆ. ರೆಕಾರ್ಡಿಂಗ್ ಗೊತ್ತಿರುವವರು, ಕಾಲೇಜುಗಳಲ್ಲಿ ಪ್ರದರ್ಶನ ಏರ್ಪಡಿಸಬಲ್ಲ ಅಧ್ಯಾಪಕರು ಸಭೆ ಮುಗಿದ ಮೇಲೆ ದಯವಿಟ್ಟು ಸ್ವಲ್ಪ ಹೊತ್ತು ನಿಲ್ಲಿ. ಹೆಸರು ಬರೆದುಕೊಳ್ಳುತ್ತೇನೆ.